ಪುಟ್ಮಾದಪ್ಪನವರ ಹಗ್ಗ, ನನ್ನ ಸ್ಟ್ರ್ಯಾಪು

ಡುಂಯ್ ಅಂತ ಒಂದು ಸದ್ದು. ನಂಜನಗೂಡಿನ ನಮ್ಮ ಯಾರ್ಡು ನೆನಪಾದಾಗಲೆಲ್ಲ ನನ್ನ ಕಿವಿಗೆ ಮೊದಲು ಬರುವುದು ಅದು. ಡರ್ಟ್ ಬೈಕ್ ಸಾಗಿಸುವ ಕೆಲಸದಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಕಳೆದವಳಿಗೆ ಎಂಜಿನ್ನಿನ ಅಬ್ಬರ ನೆನಪಾಗಬೇಕಲ್ಲವೇ ಅಂತ ನೀವು ಕೇಳಬಹುದು. ಇಲ್ಲ. ನನ್ನ ಪಾಲಿಗೆ ಬಂದ ಬೈಕುಗಳೆಲ್ಲ ಬಾಯಿ ಮುಚ್ಚಿಕೊಂಡು ನಿಂತ ಬೈಕುಗಳು. ಟೆಂಪೋದ ಹಿಂಬದಿಯಲ್ಲಿ ಅವನ್ನು ನಿಲ್ಲಿಸಿ, ಹಗ್ಗ ಬಿಗಿದು, ನಮ್ಮ ಡ್ರೈವರ್ ಪುಟ್ಮಾದಪ್ಪನವರು ಆ ಹಗ್ಗವನ್ನು ತಂಬೂರಿಯ ತಂತಿಯ ಹಾಗೆ ತೋರುಬೆರಳಿನಿಂದ ಮೀಟುತ್ತಿದ್ದರು. ತಲೆ ವಾರೆ ಮಾಡಿ ಕೇಳುತ್ತಿದ್ದರು. ಸದ್ದು ಒಪ್ಪಿಗೆಯಾದರೆ "ಊಂ, ನಡೀರಿ" ಅನ್ನುವರು. ಒಪ್ಪಿಗೆಯಾಗದಿದ್ದರೆ ಗಂಟು ಬಿಚ್ಚಿ ಮತ್ತೆ ಮೊದಲಿನಿಂದ. ರೇಸಿಗೆ ಹೊತ್ತಾಗುತ್ತಿದೆ ಅಂತ ರೈಡರು ಕುಣಿದರೂ ಅಷ್ಟೇ, ಅತ್ತರೂ ಅಷ್ಟೇ.

ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಈಗ ನನಗೆ ಫೋನ್ ಮಾಡುತ್ತಾರೆ. "ಆಂಟಿ, ಯಾವ ಟ್ರೈಲರ್ ತಗೊಳ್ಳೋದು, ಯಾವ ಸ್ಟ್ರ್ಯಾಪ್ ಬೆಸ್ಟು?" ಅಂತ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಇಟ್ಟುಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಅಲ್ಲಲ್ಲಿ ಎಡವಿದರೆ ಮೈಸೂರಿನ ನನ್ನ ಕಾನ್ವೆಂಟನ್ನು ಬೈಯಿರಿ. ಅಲ್ಲಿ ಕನ್ನಡ ಸೆಕೆಂಡ್ ಲ್ಯಾಂಗ್ವೇಜ್.

ಆ ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದು ತಿದ್ದಿತೀಡಿ ಮಾತಾಡುವ ಎಲಕ್ಯೂಷನ್, ನೀಡಲ್ ವರ್ಕ್, ಮತ್ತು ಕುರ್ಚಿಗೆ ಬೆನ್ನು ತಾಗಿಸದೆ ನೆಟ್ಟಗೆ ಕೂರುವುದು. ಆನೆಸ್ಟ್ಲಿ, ಮೂರೂ ಉಪಯೋಗಕ್ಕೆ ಬಂದವು. ಮೊದಲನೆಯದು ಪೊಲೀಸಿನವರ ಮುಂದೆ, ಎರಡನೆಯದು ಹರಿದ ಟಾರ್ಪಾಲಿಗೆ. ಇನ್ನು ಮೂರನೆಯದು: ನಮ್ಮ ಟೆಂಪೋದ ಎಡಗಡೆ ಸೀಟಿಗೆ ಒರಗುವ ಬೆನ್ನೇ ಇರಲಿಲ್ಲ.

ಮದುವೆಯಾಗಿ ನಂಜನಗೂಡಿಗೆ ಬಂದೆ. ನನ್ನವರು ಮೇಷ್ಟರು. ಅವರ ಅಣ್ಣ, ನನ್ನ ಭಾವನವರು, ಲಾರಿ ಆಫೀಸು ಇಟ್ಟಿದ್ದರು. ಇಂಗ್ಲಿಷಿನಲ್ಲಿ ಕಾಗದ ಬರೆಯುವವರು ಬೇಕು ಅಂತ ನನ್ನನ್ನು ಕರೆದು ಟೇಬಲ್ಲಿನ ಹಿಂದೆ ಕೂರಿಸಿದರು. ನನ್ನ ವೃತ್ತಿಜೀವನದ ಒಬ್ಬರೇ ಒಬ್ಬ ಬಾಸ್ ಅವರು. ದೊಡ್ಡ ಸ್ವರದಲ್ಲಿ ಮಾತಾಡಿದವರಲ್ಲ, ಆದರೆ ಏನು ಕೇಳಿದರೂ ಮೊದಲು "ಅದು ನಮ್ಮ ಲೈನಲ್ಲ" ಅನ್ನುವರು. ಅಕ್ಕಿ ಮೂಟೆ, ಗೊಬ್ಬರ, ಸಿಮೆಂಟು, ಇವು ಅವರ ಲೈನು. ಒಂದು ದಿನ ಒಬ್ಬ ರೈಡರ್ ಬಂದು ಡರ್ಟ್ ಬೈಕ್ ಸಾಗಿಸಬೇಕು ಅಂದ. ಭಾವನವರು ಕಣ್ಣೆತ್ತದೆ ಅದನ್ನೇ ಅಂದರು. ಅವನು ಮುಖ ಸಣ್ಣಗೆ ಮಾಡಿಕೊಂಡು ಹೊರಟ. ನಾನು ಬಾಗಿಲ ತನಕ ಹೋಗಿ, "ಮೂಲೇಲಿ ಒಂದು ಹಳೇ ಟೆಂಪೋ ನಿಂತಿದೆ, ಅದು ಯಾರ ಲೈನೂ ಅಲ್ಲ, ಬಾ" ಅಂದೆ. ಹೀಗೆ ಶುರುವಾಯಿತು.

ಗೊತ್ತಿಲ್ಲದವರಿಗೆ ಹೇಳಬೇಕು. ಡರ್ಟ್ ಬೈಕು ಅಂದರೆ ಕೆಸರು, ದಿಬ್ಬ, ಗುಂಡಿಗಳ ಟ್ರ್ಯಾಕಿನಲ್ಲಿ ಹಾರಿಸುವ ಬೈಕು. ಅದಕ್ಕೆ ಲೈಟಿಲ್ಲ, ನಂಬರ್ ಪ್ಲೇಟಿಲ್ಲ, ರಸ್ತೆಗೆ ಇಳಿಯುವ ಹಾಗಿಲ್ಲ. ಎಷ್ಟೇ ಗಂಡೆದೆಯ ಗಾಡಿಯಾದರೂ ರೇಸಿನ ಮೈದಾನದ ತನಕ ಮದುಮಗಳ ಹಾಗೆ ಕೂರಿಸಿಕೊಂಡೇ ಹೋಗಬೇಕು. ನಮ್ಮ ಕಡೆ ಜನ ಅದನ್ನು ಒಯ್ಯದ ರೀತಿಯಿಲ್ಲ. ಲಗೇಜ್ ಆಟೋದಲ್ಲಿ ತುರುಕಿದರೆ ಹ್ಯಾಂಡಲ್ಲು ಎರಡೂ ಕಡೆ ಕೊಂಬಿನ ಹಾಗೆ ಆಚೆ ಚಾಚಿಕೊಂಡಿರುತ್ತಿತ್ತು. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಕಬ್ಬಿನ ಸೋಗೆ ಹಾಸಿ ಮಲಗಿಸಿ ಒಯ್ದವರಿದ್ದರು. ಹಾಗೆ ಮಲಗಿಸಿದ ಗಾಡಿ ಪೆಟ್ರೋಲೆಲ್ಲ ಕಕ್ಕಿ, ಮೈದಾನದಲ್ಲಿ ಏಳೇ ಅಂದರೂ ಏಳುತ್ತಿರಲಿಲ್ಲ. ಈಗ ಬಿಡಿ, ಚಕ್ರ ಕಚ್ಚಿ ಹಿಡಿಯುವ ಕ್ಲ್ಯಾಂಪಿನ ಟ್ರೈಲರುಗಳೇ ಬಂದಿವೆ. ಬೈಕು ಅದರಲ್ಲಿ ವಿಐಪಿಯ ಹಾಗೆ ನಿಂತಿರುತ್ತದೆ.

ಪುಟ್ಮಾದಪ್ಪನವರು ದೇವನೂರಿನವರು. ಟೆಂಪೋ ಹಿಡಿಯುವ ಮುಂಚೆ ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆದವರು. ಆಳೆತ್ತರದ ಕಬ್ಬಿನ ಹೊರೆ ಅಲುಗದ ಹಾಗೆ ಕಟ್ಟುತ್ತಿದ್ದ ಗಂಟನ್ನೇ ಇಲ್ಲಿಗೂ ತಂದರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಆದರೂ ಕೊನೆಯ ತನಕ ನನ್ನನ್ನು ಅಮ್ಮಾವ್ರೆ ಅಂದರು. ಮೊದಮೊದಲು ಅವರ ಪದ್ಧತಿ ಏನೆಂದರೆ ಎರಡು ಬೈಕುಗಳ ನಡುವೆ ಒಣಹುಲ್ಲು ಗಿಡಿಯುವುದು, ಒಂದಕ್ಕೊಂದು ಉಜ್ಜಬಾರದು ಅಂತ. ಚೆನ್ನಾಗಿಯೇ ಇತ್ತು, ನಾವು ಬನ್ನೂರಿಗೆ ಹೋಗುವ ತನಕ.

ಬನ್ನೂರಿನಲ್ಲಿ ಎರಡು ಬೈಕು ಹತ್ತಿಸಿಕೊಂಡು, ಹುಲ್ಲು ಗಿಡಿದು, ತಿಂಡಿಗೆ ಹೋದೆವು. ಬೈಕು ಹತ್ತಿಸುವ ಹಲಗೆಯನ್ನು ಎತ್ತಿಡುವುದು ನನ್ನ ಕೆಲಸ. ನಾನು ಎತ್ತಿಡಲಿಲ್ಲ. ವಾಪಸ್ಸು ಬಂದು ನೋಡಿದರೆ ಟೆಂಪೋದ ತುಂಬ ಕುರಿ. ಒಂದೊಂದೇ ಹಲಗೆ ಹತ್ತಿ, ಬೈಕುಗಳ ನಡುವೆ ಡಿಸಿಪ್ಲಿನ್ಡ್ ಆಗಿ ನಿಂತು, ನಮ್ಮ ಪ್ಯಾಕಿಂಗನ್ನು ತಿಂದು ಮುಗಿಸಿದ್ದವು. ಸಾಲದ್ದಕ್ಕೆ ಒಂದು ಬೈಕಿನ ಮುಂದೆ ರೈಡರ್ ತನ್ನ ನಂಬರನ್ನು ಮೈದಾ ಅಂಟಿನಿಂದ ಅಂಟಿಸಿದ್ದ. ಇಪ್ಪತ್ತೇಳು ಅಂತ. ಅಂಟಿನ ರುಚಿ ಹತ್ತಿದ ಕುರಿ ಏಳನ್ನು ಪೂರ್ತಿ ತಿಂದು ಎರಡನ್ನು ಉಳಿಸಿತ್ತು. ಅವತ್ತು ಮೈಕಿನವನು ರೇಸಿನುದ್ದಕ್ಕೂ ಅವನನ್ನು ಎರಡನೇ ನಂಬರ್ ಅಂತಲೇ ಕೂಗಿದ. ನಿಜವಾದ ಎರಡನೇ ನಂಬರಿನವನು ನಮ್ಮ ಟೆಂಪೋ ಹತ್ತಿರ ಜಗಳಕ್ಕೆ ಬಂದ. ಪುಟ್ಮಾದಪ್ಪನವರು ಅವನಿಗೆ ಬೀಡಿ ಕೊಟ್ಟು ಕೂರಿಸಿ, "ಏಳ್ನ ಮಾತ್ರ ತಿಂತು ಕಣಪ್ಪ, ನಮ್ ಪುಣ್ಯ. ಎಲ್ಡೂ ತಿಂದಿದ್ರೆ ಆ ಉಡ್ಗುನ್ನ ಏನಂತ ಕೂಗೋರು?" ಅಂದರು. ಅವನು ನಕ್ಕುಬಿಟ್ಟ. ಮಾರನೇ ವಾರದಿಂದ ಹುಲ್ಲಿನ ಬದಲು ಹಳೇ ಟ್ಯೂಬಿನ ತುಂಡು. ಹಲಗೆ ಎತ್ತಿಡದೆ ನಾನು ನೀರೂ ಕುಡಿದವಳಲ್ಲ.

ಇನ್ನೊಂದು ಸಲ ನರಸೀಪುರದ ಹತ್ತಿರ ಒಬ್ಬ ಕಾನ್ಸ್‌ಟೇಬಲ್ ಕೈ ಅಡ್ಡ ಹಾಕಿದರು. ಟೆಂಪೋದ ಕಾಗದಪತ್ರ ಎಲ್ಲ ಸರಿ. ಆದರೆ ಹಿಂದೆ ನಿಂತ ಬೈಕಿಗೆ ನಂಬರ್ ಪ್ಲೇಟ್ ಯಾಕಿಲ್ಲ ಅನ್ನುವುದು ಅವರ ಪ್ರಶ್ನೆ. ನಾನು ಇಳಿದು ನನ್ನ ಎಲಕ್ಯೂಷನ್ನೆಲ್ಲ ಖರ್ಚು ಮಾಡಿ, ರೂಲ್ ಪ್ರಕಾರ ಇದು ವೆಹಿಕಲ್ ಆಗಿ ಓಡುತ್ತಿಲ್ಲ, ಗೂಡ್ಸ್ ಆಗಿ ಹೋಗುತ್ತಿದೆ ಅಂತ ಐದು ನಿಮಿಷ ವಿವರಿಸಿದೆ. ಅವರ ಮುಖ ಇನ್ನಷ್ಟು ಗಂಟಾಯಿತು. ಆಗ ಪುಟ್ಮಾದಪ್ಪನವರು ಕಿಟಕಿಯಿಂದಲೇ ತಣ್ಣಗೆ, "ಸಾ, ಕುರಿ ತುಂಬ್ಕಂಡ್ ಓಗೋರ್ನ ಕುರಿಗೆ ನಂಬ್ರ ಕೇಳಿರಾ?" ಅಂದರು. ಕಾನ್ಸ್‌ಟೇಬಲ್ ಕೈ ತೆಗೆದು ದಾರಿ ಬಿಟ್ಟರು. ಬಿಡುವಾಗ ನನ್ನ ಕಡೆ ನೋಡಿ, ಮೊದಲೇ ಹಿಂಗೆ ಹೇಳಬಾರದಿತ್ತಾ ಅಂದರು.

ಈಗ ನನ್ನ ದೊಡ್ಡ ಬ್ಲಂಡರ್. ಹೇಳಲು ಇಷ್ಟವಿಲ್ಲ, ಆದರೆ ಹೊಸಬರೆಲ್ಲ ಮಾಡುವುದು ಇದನ್ನೇ.

ಹೊರಗಿನ ಊರಿನ ರೈಡರ್ ಒಬ್ಬ ನನಗೆ ಎರಡು ರ್‍ಯಾಚೆಟ್ ಸ್ಟ್ರ್ಯಾಪ್ ಕೊಟ್ಟ. ಹಿಡಿಯನ್ನು ಕಟಕಟ ಅಂತ ಆಡಿಸಿದಷ್ಟೂ ಬಿಗಿಯಾಗುವ ಪಟ್ಟಿ. ಅದರ ಜೊತೆ ಇಂಗ್ಲಿಷಿನಲ್ಲಿ ಒಂದು ಚೀಟಿ. ನಾನು ಯಾರ್ಡಿನಲ್ಲಿ ನಿಂತು ಅದನ್ನು ಜೋರಾಗಿ ಓದಿ ಅರ್ಥ ಹೇಳಿದೆ. ಪುಟ್ಮಾದಪ್ಪನವರು ಹರಿಕಥೆ ಕೇಳುವ ಹಾಗೆ ಕೈಕಟ್ಟಿ ಕೇಳಿದರು. ಆಮೇಲೆ ನಾನೇ ಬೈಕಿನ ಹ್ಯಾಂಡಲ್ಲಿಗೆ ಸ್ಟ್ರ್ಯಾಪು ಹಾಕಿ, ಬಿಗಿದೆ, ಬಿಗಿದೆ, ಮುಂದಿನ ಶಾಕ್ ಅಬ್ಸಾರ್ಬರ್ ಪೂರ್ತಿ ಕುಗ್ಗುವ ತನಕ ಬಿಗಿದೆ. ಬಂಡೆಯ ಹಾಗೆ ನಿಂತಿತು. ಎಷ್ಟು ಹೆಮ್ಮೆ ನನಗೆ. ಮೈದಾನದಲ್ಲಿ ಇಳಿಸಿ ನೋಡಿದರೆ ಆ ಶಾಕ್ ಅಬ್ಸಾರ್ಬರಿನ ಸೀಲು ಒಡೆದು ಎಣ್ಣೆ ಬೈಕಿನ ಮುಂಗಾಲಿನುದ್ದಕ್ಕೂ ಸೋರುತ್ತಿತ್ತು. ಆ ಬೈಕಿನ ರೈಡರು ಎಣ್ಣೆ ಒರೆಸಿದ. ಆ ಗಾಡಿಯಲ್ಲೇ ಓಡಿಸಿ ಕಡೆಯವನಾಗಿ ಬಂದ. ನಾನು ಹೋಗಿ ಸಾರಿ ಕೇಳಿದ್ದಕ್ಕೆ "ಪರ್ವಾಗಿಲ್ಲ ಮೇಡಂ" ಅಂದ. ಬೈದಿದ್ದರೆ ವಾಸಿಯಿತ್ತು.

ವಾಪಸ್ಸು ಬರುತ್ತ ಸುತ್ತೂರು ದಾಟಿದ ಮೇಲೆ ಪುಟ್ಮಾದಪ್ಪನವರು ಹೇಳಿದರು. "ಕತ್ತು ಇಚುಕ್ದಂಗೆ ಕಟ್ಬಾರ್ದು ಅಮ್ಮಾವ್ರೆ. ಕಟ್ಟುದ್ರೂ ಅದು ಉಸ್ರಾಡ್ಬೇಕು."

ಆದ್ದರಿಂದ ಬರೆದುಕೊಳ್ಳಿ, ಮೈ ಡಿಯರ್ಸ್. ಮುಂದಿನ ಶಾಕು ಅರ್ಧ ಕುಗ್ಗಿದರೆ ಸಾಕು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಒಂದು ಮರದ ತುಂಡು ಇಡಿ, ಅದಕ್ಕಿಂತ ಕೆಳಗೆ ಹೋಗಲು ಬಿಡುವುದಿಲ್ಲ. ಸೈಡ್ ಸ್ಟ್ಯಾಂಡಿನ ಮೇಲೆ ಯಾವತ್ತೂ ನಿಲ್ಲಿಸಬೇಡಿ. ಎರಡು ಬೈಕಿದ್ದರೆ ಒಂದರ ಮುಖ ಮುಂದೆ, ಇನ್ನೊಂದರದು ಹಿಂದೆ, ಇಲ್ಲದಿದ್ದರೆ ಹ್ಯಾಂಡಲ್ಲುಗಳು ಜಗಳಕ್ಕೆ ಬೀಳುತ್ತವೆ. ಸ್ಟ್ರ್ಯಾಪಿಗೆ ಒಂದು ತಿರುವು ಕೊಟ್ಟು ಬಿಗಿಯಿರಿ. ನೇರವಾಗಿ ಬಿಗಿದರೆ ಗಾಳಿಗೆ ಗುಂಯ್ಗುಟ್ಟಿ ನಿಮ್ಮ ತಲೆ ತಿನ್ನುತ್ತದೆ. ಈ ಗುಂಯ್ಗುಟ್ಟುವ ವಿಚಾರ ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದು ವಿಚಿತ್ರ ಹೇಳಬೇಕು. ಅಷ್ಟು ವರ್ಷ ರೇಸಿಗೆ ಬೈಕು ಒಯ್ದ ಪುಟ್ಮಾದಪ್ಪನವರು ಒಂದೇ ಒಂದು ರೇಸನ್ನೂ ನೋಡಿದವರಲ್ಲ. ಬೈಕು ಇಳಿಸಿದ ಮೇಲೆ ಟೆಂಪೋದ ನೆರಳಿನಲ್ಲಿ ಗೋಣಿಚೀಲ ಹಾಸಿ, ಟ್ರ್ಯಾಕಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಹೆದರಿಕೆಯಾ ಅಂತ ನಾನೊಮ್ಮೆ ತಮಾಷೆ ಮಾಡಿದೆ. "ಓಗೋವಾಗ ಗಾಡಿ ಕಟ್ಟಿವ್ನಿ," ಅಂದರು, "ಬರೋವಾಗ ಉಡ್ಗರ್ನೂ ಅಂಗೇ ಕಟ್ಕಂಡ್ ಬಂದಿವ್ನಿ." ನಿಜ. ಕಾಲು ಮುರಿದವನೊಬ್ಬನನ್ನು ಹಾಸಿಗೆಯ ಮೇಲೆ ಮಲಗಿಸಿ, ಅಲುಗದ ಹಾಗೆ ನನ್ನ ಸ್ಟ್ರ್ಯಾಪಿನಿಂದಲೇ ಬಿಗಿದು ಮೈಸೂರಿನ ಆಸ್ಪತ್ರೆಗೆ ಸಾಗಿಸಿದ್ದೆವು. ಆಮೇಲೆ ನಾನು ಆ ತಮಾಷೆ ಮಾಡಲಿಲ್ಲ.

ಅವರ ಮೊಮ್ಮಗಳು ಚಂದ್ರಿ. ನಂಜನಗೂಡಿನಲ್ಲಿ ಡಿಪ್ಲೊಮಾ ಓದುತ್ತಿದ್ದಳು. ಚಿಕ್ಕವಳಿದ್ದಾಗಿನಿಂದ ತಾತನಿಗೆ ಊಟ ತರುವ ನೆಪದಲ್ಲಿ ಯಾರ್ಡಿಗೆ ಬಂದು ಬೈಕುಗಳ ಸುತ್ತ ಸುತ್ತುತ್ತಿದ್ದವಳು. ರೈಡರುಗಳು ಬಿಸಾಡಿದ ಬಿಡಿಭಾಗ ಸೇರಿಸಿ ತಾನೇ ಒಂದು ಬೈಕು ನಿಲ್ಲಿಸಿಕೊಂಡು, ದೇವನೂರಿನ ಅವರ ಬೀಳು ಹೊಲದಲ್ಲಿ ಓಡಿಸಲು ಕಲಿತಳು. ಊರಿಗೆಲ್ಲ ಗೊತ್ತು. ತಾತನಿಗೂ ಗೊತ್ತು. ಆದರೆ ಹೊಲದಲ್ಲಿ ಚಕ್ರದ ಗುರುತು ಕಂಡಾಗ ಅವರು ಹಂದಿ ಓಡಾಡಿದೆ ಅನ್ನುತ್ತಿದ್ದರು. ಎರಡು ವರ್ಷ ಆ ಹಂದಿ ಓಡಾಡಿತು.

ಆಮೇಲೆ ನರಸೀಪುರದ ಮೈದಾನದಲ್ಲಿ ಮೊದಲ ಸಲ ಹೆಣ್ಣುಮಕ್ಕಳಿಗೂ ಒಂದು ರೇಸು ಇಟ್ಟರು. ಚಂದ್ರಿ ಹೆಸರು ಕೊಟ್ಟು ಬಂದಳು. ಮನೆಯಲ್ಲಿ ದೊಡ್ಡ ಗಲಾಟೆ. ಕೊನೆಗೆ ಅವಳಪ್ಪ, ಅಂದರೆ ಪುಟ್ಮಾದಪ್ಪನವರ ಮಗ, ಜಾಣತನದಿಂದ ಜಾರಿಕೊಂಡ: ತಾತ ಗಾಡಿ ಕಟ್ಟಿ ಕಳಿಸಿದರೆ ಹೋಗು, ಇಲ್ಲದಿದ್ದರೆ ಬೈಕು ಮಾರಿಬಿಡು. ಅವಳೂ ಆಗಲಿ ಅಂತ ಮಾತು ಕೊಟ್ಟುಬಿಟ್ಟಳು. ನನ್ನ ಹತ್ತಿರ ಬಂದು ಹೇಳಿದಾಗ, "ಸಿಲ್ಲಿ ಗರ್ಲ್, ಅಂಥ ಮಾತು ಯಾಕೆ ಕೊಟ್ಟೆ?" ಅಂತ ಬೈದೆ. "ತಾತ ಕಟ್ತಾರೆ ಆಂಟಿ. ಎಲ್ರದೂ ಕಟ್ತಾರೆ, ನಂದು ಕಟ್ಟಲ್ವಾ?" ಅಂದಳು.

ರೇಸಿನ ಬೆಳಿಗ್ಗೆ ಯಾರ್ಡಿನಲ್ಲಿ ಬೇರೆ ಇಬ್ಬರು ರೈಡರುಗಳ ಬೈಕು ಹತ್ತಿಸಿದ್ದಾಯಿತು. ಪುಟ್ಮಾದಪ್ಪನವರು ಎರಡನ್ನೂ ಕಟ್ಟಿ, ಮೀಟಿ, ಒಪ್ಪಿದರು. ಚಂದ್ರಿ ತನ್ನ ಬೈಕನ್ನು ತಳ್ಳಿಕೊಂಡು ಬಂದು ಹಲಗೆಯ ಹತ್ತಿರ ನಿಲ್ಲಿಸಿದಳು.

"ತಾತ, ಇದ್ನೂ ಕಟ್ಟು."

"ಕೈನೋವು ಕಣವ್ವ."

"ಈಗ ತಾನೇ ಎರಡು ಕಟ್ಟುದ್ಯಲ್ಲ, ಅವಾಗ ನೋವಿರ್ಲಿಲ್ವಾ?"

"ಅವ್ರು ನನ್ ಮೊಮ್ಮಕ್ಳಲ್ಲ" ಅಂದು ಪುಟ್ಮಾದಪ್ಪನವರು ಹೋಗಿ ಸ್ಟಿಯರಿಂಗ್ ಮುಂದೆ ಕೂತರು.

ಹುಡುಗಿ ಬೈಕನ್ನು ವಾಪಸ್ಸು ತಿರುಗಿಸಿದಳು. ಆದರೆ ನನಗೆ ಒಂದು ವಿಷಯ ಕಂಡಿತ್ತು. ಅವರು ಕಟ್ಟಿದ ಎರಡು ಬೈಕುಗಳ ನಡುವೆ ಇನ್ನೊಂದು ಬೈಕು ನಿಲ್ಲುವಷ್ಟು ಜಾಗ ಇತ್ತು. ಇಪ್ಪತ್ತು ವರ್ಷದಲ್ಲಿ ಪುಟ್ಮಾದಪ್ಪನವರು ಒಂದು ಗೇಣು ಜಾಗ ದಂಡ ಮಾಡಿದವರಲ್ಲ. ನಾನು ಚಂದ್ರಿಗೆ, "ಹತ್ತಿಸು, ನಾನು ಕಟ್ತೀನಿ. ಮೈದಾನ ನೋಡ್ಕೊಂಡಾದ್ರೂ ಬರುವಂತೆ" ಅಂದೆ. ತಾತ ಕಟ್ಟದ ಗಾಡಿಯನ್ನು ಅಲ್ಲಿ ಇಳಿಸುವುದಿಲ್ಲ, ಮಾತು ಅಂದರೆ ಮಾತು ಅಂದಳು. ಸರಿ ಅಂತ ನನ್ನ ಎರಡು ಸ್ಟ್ರ್ಯಾಪು ತಂದು ಬಿಗಿದೆ. ತಿರುವು ಕೊಡಲಿಲ್ಲ. ಎಡಗಡೆ ಸಡಿಲ, ಬಲಗಡೆ ವಾರೆ. ಬೇಕಂತಲೇ ಹಾಗೆ ಕಟ್ಟಿದೆನಾ ಅಂತ ಆಮೇಲೆ ಬಹಳ ಜನ ಕೇಳಿದ್ದಾರೆ. ಟು ಬಿ ಫ್ರ್ಯಾಂಕ್, ಎಡಗಡೆಯದು ಬೇಕಂತಲೇ. ಬಲಗಡೆಯದು ನನಗೆ ಬರುತ್ತಿದ್ದದ್ದೇ ಅಷ್ಟು.

ಹೊರಟೆವು. ಮುಂದೆ ನಾವು ಮೂವರು, ನಡುವೆ ಚಂದ್ರಿ. ಊರು ದಾಟಿ ಸ್ಪೀಡು ಹತ್ತಿದ್ದೇ ಹಿಂದಿನಿಂದ ಶುರುವಾಯಿತು. ಗುಂಯ್ಯ್. ಪುಟ್ಮಾದಪ್ಪನವರ ಕಿವಿ ಎದ್ದು ನಿಂತಿತು. ಅದೇನು ಸದ್ದು ಅಂದರು. ಗಾಳಿ ಅಂದೆ. ಮುಂದೆ ಒಂದು ಗುಂಡಿ ಬಂತು, ಹಿಂದೆ ಠಕ್ ಅಂತು. ಅವರು ಕನ್ನಡಿ ನೋಡಿದರು. ಬೀಡಿ ತೆಗೆದರು, ಹಚ್ಚದೆ ಜೇಬಿಗೆ ಹಾಕಿದರು. ಸುತ್ತೂರಿನ ಸೇತುವೆ ಹತ್ತಿರ ಬಂದಿತ್ತು. ಚಂದ್ರಿ ರಸ್ತೆ ನೋಡುತ್ತ ಕೂತಿದ್ದಳು. ನಾನು ಬೆನ್ನಿಲ್ಲದ ಸೀಟಿನಲ್ಲಿ ನೆಟ್ಟಗೆ ಕೂತು, ಸಿಸ್ಟರುಗಳು ಕಲಿಸಿದ ಪ್ರಾರ್ಥನೆ ಒಂದು, ಅತ್ತೆ ಕಲಿಸಿದ ನಂಜುಂಡೇಶ್ವರನ ಸ್ತೋತ್ರ ಒಂದು, ಎರಡನ್ನೂ ಹೇಳಿಕೊಂಡೆ.

ಸೇತುವೆ ದಾಟಿದ ಮೇಲೆ ಅವರು ಟೆಂಪೋವನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದರು. ಇಳಿದು ಹಿಂದೆ ಹೋದರು. ಚಂದ್ರಿ ಏಳಹೊರಟಳು. ನಾನು ಅವಳ ತೊಡೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ. ನನ್ನ ಸ್ಟ್ರ್ಯಾಪು ಟಪ್ ಅಂತ ಬಿಟ್ಟುಕೊಂಡ ಸದ್ದು ಕೇಳಿತು. ಇನ್ನೊಂದು. ಅದನ್ನು ಮೂಲೆಗೆ ಎಸೆದ ಸದ್ದು. ಆಮೇಲೆ ಹಗ್ಗ ಟೆಂಪೋದ ಮರದ ಅಂಚಿನ ಮೇಲೆ ಸರಸರ ಜಾರಿದ್ದು, ಅವರು ಉಸಿರು ಬಿಗಿಹಿಡಿದು ಎಳೆದದ್ದು.

ಡುಂಯ್.

"ಲೇ ಚಂದ್ರಿ, ಬಾ ಇಲ್ಲಿ" ಅಂತ ಹಿಂದಿನಿಂದ ಕರೆದರು.

ಅವಳು ನನ್ನನ್ನು ದಾಟಿಕೊಂಡು ಹಾರಿದಳು. ನಾನು ಕಿಟಕಿಯಿಂದ ಕತ್ತು ಚಾಚಿದೆ. ತಾತ ಅವಳ ಬೆರಳು ಹಿಡಿದು ಹಗ್ಗದ ಮೇಲೆ ಇಟ್ಟಿದ್ದರು. "ಮೀಟು. ಇನ್ನೊಂದ್ಸಲ. ಈ ಸದ್ದ ನೆಪ್ಪಲ್ಲಿಟ್ಕ. ಇದ್ಕಿಂತ ಕಮ್ಮಿ ಆದ್ರೆ ಗಾಡಿ ಬೀಳ್ತದೆ. ಜಾಸ್ತಿ ಆದ್ರೆ ಅದ್ರ ಉಸ್ರು ಕಟ್ತದೆ."

ಮತ್ತೆ ಬಂದು ಕೂತು ಗೇರು ಹಾಕುತ್ತ ನನ್ನ ಕಡೆ ನೋಡದೆ, ಇಷ್ಟು ವರ್ಷವಾದರೂ ನಿಮಗೆ ಕಟ್ಟಲು ಬರಲಿಲ್ಲವಲ್ಲ ಅಮ್ಮಾವ್ರೆ ಅಂತ ಬೇಸರಪಟ್ಟುಕೊಂಡರು. ನಿಜವಾಗಿಯೂ ಬರಲಿಲ್ಲ ಪುಟ್ಮಾದಪ್ಪ, ನನ್ನ ಕೈಯಲ್ಲಿ ಗುಣ ಇಲ್ಲ ಅಂದೆ. ಅದಕ್ಕೂ ಒಪ್ಪಿ ತಲೆಯಾಡಿಸಿದರು.

ಮೈದಾನದಲ್ಲಿ ಎಂದಿನ ಹಾಗೆ ಗೋಣಿಚೀಲ ಹಾಸಿ ಟ್ರ್ಯಾಕಿಗೆ ಬೆನ್ನು ಹಾಕಿ ಕೂತರು. ಹೆಣ್ಣುಮಕ್ಕಳ ರೇಸು ಶುರುವಾಯಿತು. ಏಳು ಬೈಕು, ಒಂದೇ ಅಬ್ಬರ, ಮೇಲೆ ಧೂಳಿನ ಗೋಡೆ. ತಿರುಗದೆಯೇ ನಮ್ಮದು ಯಾವ ಸದ್ದು ಅಂತ ಕೇಳಿದರು. ನನಗೆ ಗೊತ್ತಾಗಲಿಲ್ಲ ಅಂದೆ. ಕತ್ತು ವಾರೆ ಮಾಡಿ ಸ್ವಲ್ಪ ಕೇಳಿ, "ಆ ಕೀರ್ಲು ದನಿಯದು" ಅಂದರು. ಎರಡನೇ ಸುತ್ತಿನಲ್ಲಿ ಆ ಕೀರಲು ದನಿ ನಿಂತುಹೋಯಿತು.

ನಾನು ತಿರುಗುವಷ್ಟರಲ್ಲಿ ಅವರು ಗೋಣಿಚೀಲದ ಮೇಲೆ ಇರಲಿಲ್ಲ. ಟೆಂಪೋದ ಹಿಂಬದಿಗೆ ಹತ್ತಿ, ಬಿಚ್ಚಿದ ಹಗ್ಗವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಟ್ರ್ಯಾಕಿನ ಕಡೆ ಮುಖ ಮಾಡಿ ನಿಂತಿದ್ದರು. ಧೂಳು ಇಳಿಯಿತು. ತಿರುವಿನಲ್ಲಿ ಚಂದ್ರಿ ಬಿದ್ದ ಬೈಕನ್ನು ಎತ್ತುತ್ತಿದ್ದಳು. ಎತ್ತಿದಳು. ಒದ್ದಳು, ಒದ್ದಳು, ಮೂರನೆಯ ಒದೆಗೆ ಕೀರಲು ದನಿ ಮತ್ತೆ ಬಂತು. ಏಳು ಜನರಲ್ಲಿ ಆರನೆಯವಳಾಗಿ ಮುಗಿಸಿದಳು. ಮೈಕಿನವನು ಅವಳ ಹೆಸರನ್ನು ಹೇಳಲೂ ಇಲ್ಲ. ಪುಟ್ಮಾದಪ್ಪನವರು ಮೇಲಿನಿಂದ ಇಳಿಯುತ್ತ, "ಇನ್ನೂ ಒಬ್ರು ಇಂದಗಡೆ ಅವ್ರೆ" ಅಂದರು. ಆ ಸ್ವರ ನಾನು ಅವರಲ್ಲಿ ಮೊದಲು ಕೇಳಿರಲಿಲ್ಲ.

ಆ ಬೈಕು ಮಾರಲಿಲ್ಲ. ನನ್ನ ಮಂಡಿ ಕೈಕೊಟ್ಟ ಮೇಲೆ ಟೆಂಪೋ ಚಂದ್ರಿಗೇ ಹೋಯಿತು. ಓದು ಮುಗಿಸಿ ಅವಳೇ ಈಗ ಬೈಕು ಸಾಗಿಸುತ್ತಾಳೆ, ತನ್ನದನ್ನೂ ಇತರರದನ್ನೂ. ನಾನು ಮೈಸೂರಿಗೆ ವಾಪಸ್ಸು ಬಂದೆ.

ಪುಟ್ಮಾದಪ್ಪನವರನ್ನು ಕೊನೆಯ ಸಲ ನೋಡಿದ್ದು ಅದೇ ನರಸೀಪುರದ ಮೈದಾನದಲ್ಲಿ, ಒಂದು ಸಂಜೆ, ರೇಸು ಮುಗಿದ ಮೇಲೆ. ನಾನು ತಂಗಿಯ ಕಾರಿನಲ್ಲಿ ಹೋಗಿದ್ದೆ. ಅವರು ತುಂಬ ಇಳಿದುಹೋಗಿದ್ದರು. ಬೈಕು ಹತ್ತಿಸಿ ಚಂದ್ರಿ ಕಟ್ಟುತ್ತಿದ್ದಳು, ಹಗ್ಗದಿಂದಲೇ. ಅವರು ಪಕ್ಕದಲ್ಲಿ ನಿಂತು ಕೈ ಆಡಿಸುತ್ತ ಅಲ್ಲಲ್ಲ, ಹಿಂಗೆ ಅನ್ನುತ್ತಿದ್ದರು. ಮುಗಿದ ಮೇಲೆ ಅವಳನ್ನು ಸರಿಸಿ ತಾವೇ ತೋರುಬೆರಳಿನಿಂದ ಮೀಟಿದರು. ತಲೆ ವಾರೆ ಮಾಡಿದರು. ಇನ್ನೊಮ್ಮೆ ಮೀಟಿದರು. ಅಂಗೈಯನ್ನು ಹಗ್ಗದ ಮೇಲೆ ಇಟ್ಟರು. ನಾನು ಹೆಸರು ಹಿಡಿದು ಎರಡು ಸಲ ಕರೆದಿದ್ದೆ, ಅವರು ತಿರುಗಿರಲಿಲ್ಲ. ಆಗ ನನಗೆ ಅರ್ಥವಾಯಿತು, ಕಿವಿ ಹೋಗಿದೆ ಅಂತ.

ಚಂದ್ರಿ ಅವರ ಮುಂದೆ ಬಂದು, ಮುಖಕ್ಕೆ ಮುಖ ಕೊಟ್ಟು, ತಾನೊಮ್ಮೆ ಹಗ್ಗ ಮೀಟಿ ಕೇಳಿದಳು. ಆಮೇಲೆ ತಲೆಯಾಡಿಸಿದಳು.

"ಊಂ, ನಡೀರಿ" ಅಂದರು ಅವರು, ಯಾರಿಗೋ. ಹೋಗಿ ಎಡಗಡೆ, ನನ್ನ ಬೆನ್ನಿಲ್ಲದ ಸೀಟಿನಲ್ಲಿ ಕೂತರು. ಹೊರಡುವಾಗ ನನ್ನನ್ನು ಕಂಡು, ಎರಡೂ ಕೈ ಎತ್ತಿ ಮುಗಿದರು. ಟೆಂಪೋ ಮೈದಾನದ ಏರು ಹತ್ತಿ, ಟಾರು ರಸ್ತೆಗೆ ತಿರುಗಿ, ಸುತ್ತೂರಿನ ಕಡೆ ಸ್ಪೀಡು ತೆಗೆದುಕೊಂಡಿತು. ನಾನು ಕಿವಿಗೊಟ್ಟು ನಿಂತೆ. ಚಂದ್ರಿ ಕಟ್ಟಿದ ಹಗ್ಗ ಗುಂಯ್ ಅನ್ನಲಿಲ್ಲ.